ಹುಟ್ಟಿದ ಸ್ಥಳ: ಮಂಗಳೂರು

ಚೀಲ ತೊಡೆಯ ಮೇಲೆಯೇ ಇತ್ತು. ಆದರೂ ಗಾಡಿ ಚೇರ್ತಲ ದಾಟುವಷ್ಟರಲ್ಲಿ ಶ್ರೀಪತಿ ನಾಲ್ಕು ಸಲ ಅದರ ಜಿಪ್ಪು ಎಳೆದು, ಒಳಗಿನ ಲಕೋಟೆಯ ಮೂಲೆಯನ್ನು ಬೆರಳಿನಿಂದ ಮುಟ್ಟಿ, ಮತ್ತೆ ಮುಚ್ಚಿದ್ದ. ಐದನೆಯ ಸಲ ಕೈ ಹೋದಾಗ ಎದುರು ಕುಳಿತಿದ್ದ ಮಗಳು ಮಹತಿ ತಲೆಯೆತ್ತಿ ನೋಡಿದಳು. ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡು ಕಿಟಕಿಯ ಸರಳು ಹಿಡಿದ. ಸರಳು ತಣ್ಣಗೆ, ಅಂಟುಅಂಟಾಗಿತ್ತು. ಇವತ್ತು ಸಂಜೆ ನಾಲ್ಕು ಗಂಟೆಯೊಳಗೆ ಆ ಲಕೋಟೆಯ ಕಾಗದಗಳು ತಿರುವನಂತಪುರದ ಪ್ರವೇಶ ಕಚೇರಿಯಲ್ಲಿ ಸ್ವೀಕಾರವಾಗಬೇಕು. ಆಗದಿದ್ದರೆ ಎಂಟು ಸಾವಿರ ಮಕ್ಕಳು ಬರೆದ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ ಮಹತಿ ಗಳಿಸಿದ ನಾನೂರ ಹನ್ನೆರಡನೆಯ ರ್‍ಯಾಂಕ್ ಗೋಡೆಗೆ ಅಂಟಿಸಿದ ಹಳೆಯ ಕ್ಯಾಲೆಂಡರಿಗೆ ಸಮ. ಎರಡು ವರ್ಷ ಬೆಳಗಿನ ನಾಲ್ಕು ಗಂಟೆಗೆ ಎದ್ದು ಕಪ್ಪೆಯ ಹೃದಯ, ಎಲೆಯ ನರ ಎಂದು ಗುನುಗುತ್ತಿದ್ದ ಹುಡುಗಿ ಈಗ ತಂದೆಯ ಹುಟ್ಟಿಗೆ ಪುರಾವೆ ಹುಡುಕುತ್ತ ಗಾಡಿಯಲ್ಲಿ ಕುಳಿತಿದ್ದಾಳೆ. ಅವಳಿಗೆ ಗೊತ್ತಿದ್ದ ಜೀವಶಾಸ್ತ್ರದಲ್ಲಿ ಇದು ಬಂದಿರಲಿಲ್ಲ.

ಸೀಟು ಸಿಗಲು ಎಂಟನೆಯ ತರಗತಿಯಿಂದ ಹನ್ನೆರಡರ ತನಕ ಬಿಡದೆ ಕೇರಳದಲ್ಲಿ ಓದಿದ್ದರೆ ಸಾಕಿತ್ತು. ಎಂಟು ಇಲ್ಲಿ ಓದಿದಳು, ಹತ್ತು, ಹನ್ನೊಂದು, ಹನ್ನೆರಡೂ ಇಲ್ಲಿಯೇ. ಒಂಬತ್ತು ಮಾತ್ರ ನಾಗಪುರದಲ್ಲಿ. ಬ್ಯಾಂಕಿನವರು ಬಡ್ತಿ ಕೊಟ್ಟು ಒಂದೇ ವರ್ಷಕ್ಕೆಂದು ಅವನನ್ನು ಅಲ್ಲಿಗೆ ಎತ್ತಿ ಹಾಕಿದಾಗ ಹರಿಣಾಕ್ಷಿ ಹೇಳಿದ್ದಳು, "ನೀವೊಬ್ರೇ ಹೋಗಿ ಬನ್ನಿ. ಮಗುವಿನ ಶಾಲೆ ಎಂತಕ್ಕೆ ತಪ್ಪಿಸುದು?" ಅವನು ಒಪ್ಪಿರಲಿಲ್ಲ. ಹೋಟೆಲಿನ ಊಟ ತನ್ನ ಹೊಟ್ಟೆಗೆ ಆಗುವುದಿಲ್ಲ ಎಂದಿದ್ದ. ಒಂದು ವರ್ಷದ ಸಾರು ಅನ್ನಕ್ಕೆ ಮಗಳ ಒಂಬತ್ತನೆಯ ತರಗತಿಯನ್ನು ತಿಂದುಹಾಕಿದೆ ಎಂದು ಈ ಒಂದು ತಿಂಗಳಲ್ಲಿ ಎಷ್ಟು ಸಲ ಅನಿಸಿದೆಯೋ. ಹರಿಣಾಕ್ಷಿ ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಬಡಿಸುವಾಗ ಸಾರಿನ ಸೌಟು ಸ್ವಲ್ಪ ಜೋರಾಗಿ ಪಾತ್ರೆಗೆ ತಾಗಿದರೂ ಅವನ ಎದೆ ಧಸಕ್ಕೆನ್ನುತ್ತಿತ್ತು. ಕರ್ನಾಟಕದ ಕಡೆ ಮುಖ ಮಾಡಿದರೆ ಅಲ್ಲಿಯವರು ಏಳು ವರ್ಷ ನಮ್ಮಲ್ಲಿ ಓದಿರಬೇಕು ಎನ್ನುತ್ತಾರೆ; ಮಹತಿ ಅಲ್ಲಿ ಏಳು ದಿನವೂ ಓದಿಲ್ಲ. ಉಳಿದದ್ದು ಒಂದೇ ದಾರಿ. ತಾಯಿಯೋ ತಂದೆಯೋ ಕೇರಳದಲ್ಲಿ ಹುಟ್ಟಿರಬೇಕು. ಹರಿಣಾಕ್ಷಿ ಪುತ್ತೂರಿನವಳು. ಶ್ರೀಪತಿ ಹುಟ್ಟಿದ್ದು ಕುಂಬಳೆಯ ಹತ್ತಿರ, ಕಾಸರಗೋಡು ತಾಲೂಕಿನಲ್ಲಿ, ಅಂದರೆ ಇವತ್ತಿನ ಕೇರಳದಲ್ಲಿಯೇ. ಅದು ದೇವರಾಣೆಗೂ ಸತ್ಯ. ಆದರೆ ಅವನ ಎಸ್ಸೆಸ್ಸೆಲ್ಸಿ ಪುಸ್ತಕ ಬೇರೆಯೇ ಹೇಳುತ್ತದೆ. ಹುಟ್ಟಿದ ಸ್ಥಳ: ಮಂಗಳೂರು. ಹಾಗೆ ಬರೆಸಿದವರು ಅವನ ಅಪ್ಪ, ಕೃಷ್ಣಾನಂದ ಮಾಸ್ಟ್ರು.

ಮೂವತ್ತಾರು ವರ್ಷ ಒಂದೇ ಶಾಲೆಯಲ್ಲಿ ಕನ್ನಡ ಕಲಿಸಿದ ಅಪ್ಪ. ಐವತ್ತಾರರಲ್ಲಿ ರಾಜ್ಯಗಳ ಗೆರೆ ಎಳೆದು ಅವರ ಊರನ್ನು ಕೇರಳಕ್ಕೆ ಸೇರಿಸಿದಾಗ ಶ್ರೀಪತಿಗೆ ಒಂಬತ್ತು ವರ್ಷ. ಅಪ್ಪ ಕೂಗಾಡಲಿಲ್ಲ, ಮೆರವಣಿಗೆಯಲ್ಲಿಯೂ ಹೋಗಲಿಲ್ಲ. ನೌಕರಿ ಹೋದೀತೆಂಬ ಹೆದರಿಕೆ ಇತ್ತು. ಅವರದೊಂದು ಬಡಪಾಯಿ ಹಟ. ಸಾಯುವ ತನಕ ಕಾಗದದ ಮೇಲೆ ತಮ್ಮ ವಿಳಾಸ ಬರೆಯುವಾಗ ಊರಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆ ಎಂದೇ ಬರೆದರು. ಆದ್ದರಿಂದ ಅವರಿಗೆ ಬರಬೇಕಾದ ಉತ್ತರಗಳೆಲ್ಲ ಮೊದಲು ಮಂಗಳೂರಿಗೆ ಹೋಗಿ, ಅಲ್ಲಿ ಯಾರೋ ಬೈದುಕೊಂಡು ತಿದ್ದಿ, ಎರಡು ದಿನ ತಡವಾಗಿ ಮನೆಗೆ ಬರುತ್ತಿದ್ದವು. ಅಜ್ಜಿ ತೀರಿಕೊಂಡ ಕಾಗದವೂ ಹಾಗೆ ಬಂದು, ಅಪ್ಪನಿಗೆ ತಾಯಿಯ ಮುಖ ನೋಡಲು ಸಿಗದೆ ಹೋಯಿತು. ಆಗಲೂ ಬುದ್ಧಿ ಬರಲಿಲ್ಲ. ಮಗನನ್ನು ಹೈಸ್ಕೂಲಿಗೆ ಕೇರಳದಲ್ಲಿ ಸೇರಿಸಬಾರದೆಂದು ಮಂಗಳೂರಿನಲ್ಲಿ ದೂರದ ನೆಂಟರೊಬ್ಬರ ಮನೆಯಲ್ಲಿ ಬಿಟ್ಟರು. ಸೇರಿಸಿದ ದಿನ ಗುಮಾಸ್ತರು ಹುಟ್ಟಿದ ಸ್ಥಳ ಕೇಳಿದಾಗ ಅಪ್ಪ ಎಳ್ಳಷ್ಟೂ ತಡವರಿಸದೆ ಮಂಗಳೂರು ಎಂದರು. "ಅಪ್ಪಾ, ನಾನು ಹುಟ್ಟಿದ್ದು ಇಲ್ಲಿ ಅಲ್ಲಲ್ಲ" ಎಂದು ಹದಿಮೂರು ವರ್ಷದ ಶ್ರೀಪತಿ ಅಂಗಿ ಜಗ್ಗಿದ. ಸುಳ್ಳು ಹೇಳಬೇಡಿ ಎಂದು ಬೆತ್ತ ಹಿಡಿದು ಮಕ್ಕಳಿಗೆ ಕಲಿಸುತ್ತಿದ್ದ ಅಪ್ಪ ಅವನ ಕೈಯನ್ನು ಬಿಡಿಸಿ, "ಸುಮ್ಮನಿರು. ನೀನು ಹುಟ್ಟುವಾಗ ಎಲ್ಲ ಒಂದೇ ಜಿಲ್ಲೆ" ಎಂದರು. ಆಮೇಲೆ ಪೋಷಕರ ಸಹಿಯ ಜಾಗದಲ್ಲಿ ತಮ್ಮ ಹೆಸರು ಬರೆದರು. ಎಂಥ ಸಹಿ ಅದು. ಗುಂಡು ಗುಂಡಾದ ಕನ್ನಡ ಅಕ್ಷರ. ಕೊನೆಯ ಅಕ್ಷರದ ಬಾಲ ಹೆಸರಿನ ಕೆಳಗೆ ಹಿಂದಕ್ಕೆ ಹರಿದು ಮೊದಲಕ್ಷರದ ಅಡಿಯಲ್ಲಿ ಎರಡು ಸುತ್ತು ಸುತ್ತಿ ನಿಲ್ಲುತ್ತಿತ್ತು. ಗುಮಾಸ್ತರು ತಲೆದೂಗಿದ್ದರು. ಹೆಮ್ಮೆಯಿಂದ ಹುಡುಗನ ಕಿವಿ ಬಿಸಿಯಾಗಿತ್ತು, ಸುಳ್ಳು ಮರೆತೇಹೋಗಿತ್ತು.

ಮರೆತದ್ದು ಹೌದೇ? ಮರೆತವನು ಇಪ್ಪತ್ತೈದು ವರ್ಷ ಅದನ್ನು ಅಷ್ಟು ಚೆಂದವಾಗಿ ಸಾಕುತ್ತಾನೆಯೇ? ಕೊಚ್ಚಿಗೆ ಬಂದ ಮೊದಲ ದಿನದಿಂದ, ಬ್ಯಾಂಕಿನ ಕೌಂಟರಿನಲ್ಲಿ, ಎಡಪ್ಪಳ್ಳಿಯ ಬಾಡಿಗೆ ಮನೆಯ ಮೆಟ್ಟಿಲಲ್ಲಿ, ಬಸ್ಸಿನಲ್ಲಿ, ಯಾರು "ಸಾರಿನ್ಡೆ ನಾಡ್ ಎವಿಡೆಯಾ?" ಎಂದು, ನಿಮ್ಮ ಊರೆಲ್ಲಿ ಸಾರ್ ಎಂದು ಕೇಳಿದರೂ ಕರ್ನಾಟಕ ಎಂದೇ ಹೇಳಿದ್ದ. ಹೇಳುವಾಗ ಕುತ್ತಿಗೆ ಒಂದಿಷ್ಟು ನೆಟ್ಟಗಾಗುತ್ತಿತ್ತು ಕೂಡ. ಬಾಡಿಗೆ ಮನೆಯವರು ತೆಂಗಿನೆಣ್ಣೆಯ ಅಡಿಗೆ ಕೊಟ್ಟರೆ ನಮ್ಮಲ್ಲಿ ಹೀಗಲ್ಲ ಎನ್ನುತ್ತಿದ್ದ. ಅವನ ಅಮ್ಮ ಬದುಕಿಡೀ ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿದವಳು. ಬ್ಯಾಂಕಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಸಹಿ ಹಾಕಿದರೆ ಅವನದು ಮಾತ್ರ ಕನ್ನಡದಲ್ಲಿ, ಅಪ್ಪ ಸ್ಲೇಟಿನ ಮೇಲೆ ನೂರು ಸಲ ತಿದ್ದಿಸಿದ ಹಾಗೆ, ಬಾಲ ಹಿಂದಕ್ಕೆ ಹರಿದು ಎರಡು ಸುತ್ತು. ಜೊತೆಯವರು ಅದನ್ನು ಜಿಲೇಬಿ ಎಂದು ಕರೆಯುತ್ತಿದ್ದರು. ಜಿಲೇಬಿ ಸಾರ್ ಬಂದರು, ಜಿಲೇಬಿ ಹಾಕಿಸಿಕೊಂಡು ಬಾ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಹೋದ ತಿಂಗಳು ಕುಂಬಳೆಯ ಹತ್ತಿರದ ಹಳ್ಳಿಯ ವಿಲೇಜ್ ಆಫೀಸರ್ ಹಳೆಯ ಮತದಾರರ ಪಟ್ಟಿಯ ಧೂಳು ಕೊಡವಿ ಅಪ್ಪನ ಹೆಸರನ್ನು ಬೆರಳಿಟ್ಟು ತೋರಿಸಿದಾಗ ಮಾತ್ರ ಮೊದಲ ಸಲ ನಾಚಿಕೆಯಾಯಿತು. ನಿಮ್ಮ ತಂದೆ ಇಲ್ಲಿದ್ದದ್ದು ಹೌದು, ನೀವು ಇಲ್ಲಿ ಹುಟ್ಟಿದ್ದೂ ಇರಬಹುದು, ಆದರೆ ನಿಮ್ಮ ಪುಸ್ತಕವೇ ಬೇರೆ ಹೇಳುತ್ತಿದೆಯಲ್ಲ ಸಾರೇ, ಎಂದು ಆತ ಕೇಳಿದ. ಆ ತಪ್ಪು ಯಾಕಾಯಿತೆಂದು ಒಂದು ಅಫಿಡವಿಟ್ ಮಾಡಿಸಿ, ನಾನು ಕೊಡುವ ಕಾಗದದೊಂದಿಗೆ ಇಡಿ, ತಿರುವನಂತಪುರದಲ್ಲಿ ಒಪ್ಪಿದರೆ ನಿಮ್ಮ ಅದೃಷ್ಟ, ಎಂದೂ ಹೇಳಿದ.

"ಅಪ್ಪಾ, ಚಾಯ ವೇಣೋ?" ಮಹತಿ ಮಲಯಾಳದಲ್ಲಿ ಕೇಳಿದಳು. ಅವಳು ಮಾತಾಡುವುದೇ ಹಾಗೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ. ಅವಳಿಗೆ ಕನ್ನಡ ಬರುವುದಿಲ್ಲವೆಂದಲ್ಲ, ನಾಲಗೆ ಆ ಕಡೆ ಹೊರಳುವುದಿಲ್ಲ. ಬೇಡ ಎಂದ. ನಿನ್ನೆ ನೋಟರಿ ವಕೀಲನ ಕೋಣೆಯಲ್ಲಿಯೂ ಚಹಾ ಬೇಡವೆಂದಿದ್ದ. ವಕೀಲ ಒಳ್ಳೆಯವನೇ, ಗಡಿಬಿಡಿಯ ಮನುಷ್ಯ. ಟೈಪ್ ಮಾಡಿಸಿದ ಹಾಳೆಯನ್ನು ಮುಂದಿಟ್ಟು ಇಲ್ಲಿ ಸಹಿ ಎಂದ. ಶ್ರೀಪತಿ ಓದಿದ. ಅಕ್ಷರಜ್ಞಾನವಿಲ್ಲದವರಾಗಿದ್ದ ನನ್ನ ದಿವಂಗತ ತಂದೆಯವರು ಪರಿಣಾಮದ ಅರಿವಿಲ್ಲದೆ ನನ್ನ ಹುಟ್ಟಿದ ಸ್ಥಳವನ್ನು ತಪ್ಪಾಗಿ ಹೇಳಿದ್ದು, ಎಂದಿತ್ತು ಇಂಗ್ಲಿಷಿನಲ್ಲಿ. ಅವನು ಮತ್ತೊಮ್ಮೆ ಓದಿದ. ನನ್ನ ತಂದೆ ಮಾಸ್ಟರ್ ಆಗಿದ್ದರು, ಎಂದ. ವಕೀಲ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಮಾಸ್ಟರ್ ಆದವರು ಗೊತ್ತಿಲ್ಲದೆ ತಪ್ಪು ಬರೆಸುತ್ತಾರೆಯೇ? ಗೊತ್ತಿದ್ದೇ ಬರೆಸಿದರು ಅಂತ ಹಾಕಲೇ? ಹಾಗಾದರೆ ಅದು ಸುಳ್ಳು ದಾಖಲೆ. ಆ ದಾಖಲೆಯಿಂದಲೇ ನೀವು ಕೆಲಸಕ್ಕೂ ಸೇರಿದ್ದೀರಿ. ಏನು ಹೇಳುತ್ತೀರಿ?" ಶ್ರೀಪತಿ ಹಾಳೆಯನ್ನು ತನ್ನತ್ತ ಎಳೆದುಕೊಂಡು ಮೂರನೆಯ ಸಲ ಓದತೊಡಗಿದ. "ಸತ್ತವರಿಗೆ ಇದರಿಂದ ಏನಾಗಬೇಕು ಸಾರ್? ನಿಮ್ಮ ಮಗಳಿಗೆ ಆಗಬೇಕಾದ್ದಿದೆ," ಎಂದು ವಕೀಲ ಪೆನ್ನು ಕೊಟ್ಟ. ಹೊರಗೆ ಬೇರೆಯವರು ಕಾಯುತ್ತಿದ್ದರು. ಶ್ರೀಪತಿ ಸಹಿ ಹಾಕಿದ. ಅಭ್ಯಾಸಬಲದಿಂದ ಪೂರ್ತಿ ಸಹಿ. ಬಾಲ ಹಿಂದಕ್ಕೆ ಹರಿದು, ಅಕ್ಷರಜ್ಞಾನವಿಲ್ಲದವರಾಗಿದ್ದ ಎಂಬ ಸಾಲಿನ ತನಕ ಏರಿ, ಎರಡು ಸುತ್ತು ಸುತ್ತಿ ನಿಂತಿತು. ರಾತ್ರಿ ಹರಿಣಾಕ್ಷಿ ಅದನ್ನು ಓದಿ ಮತ್ತೆ ಲಕೋಟೆಯೊಳಗಿಟ್ಟು, "ಮಾವನವರು ಇದ್ದಿದ್ರೆ ಅವರೇ ಬರೆದುಕೊಡ್ತಿದ್ರು, ಬಿಡಿ" ಎಂದಳು. ಬರೆದುಕೊಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಕಚೇರಿಯ ಮುಂದೆ ಹತ್ತೂವರೆಗೇ ಸಾಲು ಗೇಟಿನ ಹೊರಗೆ ಬಂದಿತ್ತು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಲಕೋಟೆ, ಎಲ್ಲರ ಮುಖದಲ್ಲೂ ಏನೋ ತಪ್ಪು ಮಾಡಿದ ಕಳೆ. ಬಿಸಿಲು ಏರಿತು. ಮುಂದೆ ನಿಂತಿದ್ದ ಹೆಂಗಸಿನ ಮಲ್ಲಿಗೆ ಬಾಡಿ ಕಂದುಬಣ್ಣಕ್ಕೆ ತಿರುಗುವುದನ್ನು ಶ್ರೀಪತಿ ಒಂದೊಂದೇ ಹೂವಾಗಿ ನೋಡಿದ. ಮಧ್ಯಾಹ್ನ ಊಟಕ್ಕೆಂದು ಕೌಂಟರ್ ಮುಚ್ಚಿತು. ಹರಿಣಾಕ್ಷಿ ಕಟ್ಟಿಕೊಟ್ಟ ಬುತ್ತಿಯನ್ನು ಮಹತಿ ಬಿಚ್ಚಿದಾಗ "ನೀನು ತಿನ್ನು ಮಗಾ, ನಂಗೆ ಸೇರುದಿಲ್ಲ" ಎಂದ. ಆ ಎರಡು ಮಾತು ಕಿವಿಗೆ ಬಿದ್ದದ್ದೇ ತಡ, ಹಿಂದೆ ನಿಂತಿದ್ದ ದೊಡ್ಡ ಮೀಸೆಯ ಮನುಷ್ಯನೊಬ್ಬ ಮುಖ ಅರಳಿಸಿಕೊಂಡು ಮುಂದೆ ಬಂದ. "ಕನ್ನಡದವ್ರೇನ್ರೀ ನೀವು? ಅಯ್ಯ, ಮುಂಜಾನಿಂದ ಒಂದು ಕನ್ನಡ ಮಾತು ಕೇಳಿದ್ದಿಲ್ರೀ. ನಾನು ರುದ್ರಪ್ಪ, ಗದಗದವ. ಇಲ್ಲೇ ರಾಕೆಟ್ ಕೇಂದ್ರದಾಗ ಕೆಲ್ಸ. ಮಗ ಸಂದೀಪ ಅಂತ, ಅವಂದು ಇಲ್ಲಿ ಓದಿದ್ದು ಎರಡು ತಿಂಗಳು ಕಡಿಮಿ ಬೀಳ್ತದಂತ ವಾಪಸ್ ಕಳಿಸ್ಯಾರ. ಅಲ್ಲಿಯವ್ರಿಗೂ ಬ್ಯಾಡಾದ್ವಿ, ಇಲ್ಲಿಯವ್ರಿಗೂ ಬ್ಯಾಡಾದ್ವಿ ನೋಡ್ರಿ. ನಿಮ್ದು ಯಾವೂರ್ರಿ?" ಆ ಕ್ಷಣದಲ್ಲಿಯೇ ಕೌಂಟರಿನ ಬಾಗಿಲು ಮತ್ತೆ ತೆರೆಯಿತು. ಒಳಗೆ ಕುಳಿತ ಹೆಂಗಸು ಇತ್ತ ನೋಡುತ್ತಿದ್ದಾಳೆ ಎಂದು ಶ್ರೀಪತಿಗೆ ಅನಿಸಿತು. ನೋಡುತ್ತಿದ್ದಳೋ ಇಲ್ಲವೋ. ಅವನ ಬಾಯಿಂದ ಮಲಯಾಳ ಹೊರಟಿತು. "ಞಾನ್ ಕಾಸರಗೋಡ್ಕಾರನಾಣ್," ಎಂದ, ನಾನು ಕಾಸರಗೋಡಿನವನು ಎಂದು, ಅದೂ ಸ್ವಲ್ಪ ಗಟ್ಟಿಯಾಗಿ. ರುದ್ರಪ್ಪನ ಮುಖದ ಮೇಲಿದ್ದ ನಗೆ ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲಿಯೇ ಉಳಿಯಿತು. "ಹೌದೇನ್ರಿ," ಎಂದು ಹೇಳಿ, ಮಗನ ಲಕೋಟೆಯನ್ನು ಎದೆಗವಚಿಕೊಂಡು ಹಿಂದಕ್ಕೆ ಸರಿದ. ಮಹತಿ ಅನ್ನದ ಡಬ್ಬಿಯ ಮುಚ್ಚಳ ಹಾಕಿದಳು. ಅವಳು ಒಂದು ತುತ್ತೂ ತಿಂದಿರಲಿಲ್ಲ.

ಮೂರೂವರೆಗೆ ಅವರ ಸರದಿ ಬಂತು. ಕೌಂಟರಿನ ಹೆಂಗಸು ತಲೆಯ ಮೇಲೆ ಸೆರಗು ಹೊದ್ದಿದ್ದಳು. ಎದುರಿನ ಹಲಗೆಯ ಮೇಲೆ ಜುಬೈದಾ ಎಂದು ಬರೆದಿತ್ತು. ಐವತ್ತರ ಹತ್ತಿರ ವಯಸ್ಸು, ದಣಿದ ಕಣ್ಣು, ಬೆರಳ ತುದಿಯಲ್ಲಿ ಮೊಹರಿನ ನೇರಳೆ ಶಾಯಿ. ಕಾಗದಗಳನ್ನು ಒಂದೊಂದಾಗಿ ಹರವಿದಳು. ಮಹತಿಯ ಅಂಕಪಟ್ಟಿ, ವಿಲೇಜ್ ಆಫೀಸರ್ ಕಾಗದ, ಅಫಿಡವಿಟ್, ಆಮೇಲೆ ಹಳದಿಯಾಗಿ ಅಂಚು ಉದುರುತ್ತಿದ್ದ ಎಸ್ಸೆಸ್ಸೆಲ್ಸಿ ಪುಸ್ತಕ. ಅಫಿಡವಿಟ್ಟನ್ನು ತುಟಿ ಆಡಿಸುತ್ತ ಓದಿದಳು. ಪುಸ್ತಕ ತೆರೆದಳು. ಅವಳ ಬೆರಳು ಪೋಷಕರ ಸಹಿಯ ಮೇಲೆ ನಿಂತಿತು. ಶ್ರೀಪತಿ ಈ ಒಂದು ತಿಂಗಳಲ್ಲಿ ಸಾವಿರ ಸಲ ಆ ಪುಟ ನೋಡಿದ್ದ, ಹುಟ್ಟಿದ ಸ್ಥಳದ ಸಾಲನ್ನೇ ನೋಡಿದ್ದ. ಎರಡು ಬೆರಳು ಕೆಳಗಿದ್ದ ಅಪ್ಪನ ಸಹಿಯನ್ನು ನೋಡಿರಲಿಲ್ಲ. ಇಷ್ಟು ದೊಡ್ಡ ಹಾಳೆಯಲ್ಲಿ ಅದು ಬಿಟ್ಟರೆ ಬೇರೇನೂ ಈಗ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

"ನಿಮ್ಮ ಅಚ್ಛನಿಗೆ, ತಂದೆಗೆ, ಓದುಬರಹ ಬರುತ್ತಿರಲಿಲ್ಲ ಅಂತ ಬರೆದಿದೆ," ಜುಬೈದಾ ಮಲಯಾಳದಲ್ಲಿ ಮೆಲ್ಲಗೆ ಕೇಳಿದಳು. "ಹಾಗಾದರೆ ಈ ಸಹಿ?"

"ಸಹಿ ಮಾತ್ರ ಕಲಿತಿದ್ದರು," ಎಂದ. ಉತ್ತರ ಇಷ್ಟು ಬೇಗ ಬಂದದ್ದಕ್ಕೆ ಅವನಿಗೇ ಹೆದರಿಕೆಯಾಯಿತು. ಪಕ್ಕದಲ್ಲಿದ್ದ ಮಹತಿ ಅವನತ್ತ ತಿರುಗಿದಳು. ಅಂದು ಊರಿನ ಮನೆಯಲ್ಲಿ ಅಪ್ಪ ಕೆಂಪು ನೆಲದ ಮೇಲೆ ಮಂಡಿಯೂರಿ ಕುಳಿತಿದ್ದರು. ಶಾಲೆಯಿಂದ ತಂದ ಮೋಟು ಸೀಮೆಸುಣ್ಣ, ನಾಲ್ಕು ವರ್ಷದ ಮಹತಿಯ ಪುಟ್ಟ ಮುಷ್ಟಿ, ಅದರ ಮೇಲೆ ಅವರ ಮುದಿ ಮುಷ್ಟಿ, ಜಗಲಿಯ ಈ ತುದಿಯಿಂದ ಆ ತುದಿಯ ತನಕ ಒಂದೇ ಅಕ್ಷರ, ಅ. "ಹೊಟ್ಟೆ ದುಂಡಗೆ ಬರ್ಲಿ ಮಗಾ, ಉಂಡ ಹೊಟ್ಟೆ ಅದು." ಒಂದು ರಜೆ ಪೂರ್ತಿ ನೆಲ ಒರೆಸಲು ಯಾರನ್ನೂ ಬಿಟ್ಟಿರಲಿಲ್ಲ. ಅದು ಈಗ ಯಾಕೆ ನೆನಪಾಗಬೇಕು? ಜುಬೈದಾ ಒಂದು ಫಾರಂ ತಿರುಗಿಸಿ ಮುಂದಿಟ್ಟು, ಇಲ್ಲಿ ಸಾರಿನ ಸಹಿ ಬೇಕು ಎನ್ನುತ್ತಿದ್ದಳು.

ಪೆನ್ನು ಹಿಡಿದವನು ಪುಸ್ತಕದತ್ತ ನೋಡಿದ. ಅಪ್ಪನ ಸಹಿ ಅಲ್ಲಿ ತೆರೆದು ಬಿದ್ದಿದೆ. ತನ್ನದನ್ನು ಪಕ್ಕದಲ್ಲಿ ಹಾಕಿದರೆ ಕುರುಡನಿಗೂ ಗೊತ್ತಾಗುತ್ತದೆ, ಇದನ್ನು ಕಲಿಸಿದ ಕೈ ಅದು ಎಂದು. ಸಹಿ ಮಾತ್ರ ಕಲಿತವರು ಮಗನ ಕೈ ಹಿಡಿದು ತಿದ್ದಿಸುತ್ತಾರೆಯೇ? ಅವನು ಅಕ್ಷರಗಳನ್ನು ಬಿಡಿಬಿಡಿಯಾಗಿ, ಸೊಟ್ಟಸೊಟ್ಟಗೆ, ಬಾಲವಿಲ್ಲದೆ ಬರೆದ. ಶ್ರೀ ಒಂದು ಕಡೆ, ಪ ಒಂದು ಕಡೆ, ತಿ ಗೆರೆಯ ಕೆಳಗೆ. ನಲವತ್ತೊಂಬತ್ತು ವರ್ಷದ, ಮೂವರು ಗುಮಾಸ್ತರ ಮೇಲಿನ ಅಧಿಕಾರಿ, ಮೊದಲ ದಿನ ಸ್ಲೇಟು ಹಿಡಿದವನ ಹಾಗೆ ಬರೆದ. ಜುಬೈದಾ ಅದನ್ನು ಅಫಿಡವಿಟ್ಟಿನ ಸಹಿಯ ಪಕ್ಕದಲ್ಲಿಟ್ಟಳು.

"ಇದು ಹೊಂದುವುದಿಲ್ಲ ಸಾರೇ. ಅದು ಬೇರೆ, ಇದು ಬೇರೆ. ಹೀಗಿದ್ದರೆ ತೆಗೆದುಕೊಳ್ಳಲು ಆಗುವುದಿಲ್ಲ."

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ. ಹಿಂದಿನವರು ಗೊಣಗಿದರು. "ಅಪ್ಪಾ," ಎಂದಳು ಮಹತಿ. ಅಷ್ಟೇ. ಆ ಒಂದು ಕರೆಯಲ್ಲಿ ಕಪ್ಪೆಯ ಹೃದಯವೂ ಎಲೆಯ ನರವೂ ನಾಗಪುರದ ಒಂಬತ್ತನೆಯ ತರಗತಿಯೂ ಇದ್ದವು. ಬೆರಳು ಒದ್ದೆಯಾಗಿ ಪೆನ್ನು ಜಾರಿತು. ಅವನು ಅಂಗಿಗೆ ಒರೆಸಿಕೊಂಡು ಮತ್ತೆ ಹಿಡಿದ. ಈ ಸಲ ಕೈ ತಾನಾಗಿ ಹೋಯಿತು. ಗುಂಡು ಅಕ್ಷರ, ಬಾಲ ಹಿಂದಕ್ಕೆ, ಎರಡು ಸುತ್ತು. ಇದಕ್ಕಿಂತ ಚೆಂದವಾಗಿ ಅವನು ಬದುಕಿನಲ್ಲಿ ಸಹಿ ಹಾಕಿರಲಿಲ್ಲ.

ಜುಬೈದಾ ಫಾರಂ ಎತ್ತಿದಳು. ಅಫಿಡವಿಟ್ ನೋಡಿದಳು. ಆಮೇಲೆ ಯಾವ ನಿಯಮವೂ ಹೇಳದಿದ್ದ ಕೆಲಸ ಮಾಡಿದಳು: ಎಸ್ಸೆಸ್ಸೆಲ್ಸಿ ಪುಸ್ತಕವನ್ನು ಹತ್ತಿರಕ್ಕೆ ಎಳೆದು, ಅಪ್ಪನ ಸಹಿಯ ಪಕ್ಕದಲ್ಲಿ ಮಗನದನ್ನು ಇಟ್ಟಳು. ನೋಡಿದಳು. ಬಹಳ ಹೊತ್ತು ನೋಡಿದಳು. ತಲೆಯೆತ್ತಿದಾಗ ಅವಳ ದನಿ ಸಾಲಿನವರಿಗೆ ಕೇಳಿಸದಷ್ಟು ತಗ್ಗಿತ್ತು.

"ನನ್ನ ವಾಪ್ಪ, ನನ್ನ ತಂದೆ, ಮಾಷ್ ಆಗಿದ್ದರು, ಆಟ್ಟಿಂಙಲ್ ಹತ್ತಿರದ ಶಾಲೆಯಲ್ಲಿ. ಅವರ ಸಹಿಯೂ ಹೀಗೇ, ನೋಡುತ್ತಾ ಕೂರಬೇಕು ಅನಿಸುವ ಹಾಗೆ," ಎಂದಳು. "ನಿಮ್ಮ ಅಚ್ಛನೂ ಮಾಷ್ ಆಗಿದ್ದರು, ಅಲ್ಲವೇ?"

ಅವಳ ಕಣ್ಣಿನಲ್ಲಿ ಬಲೆ ಇರಲಿಲ್ಲ. ಅದು ಶ್ರೀಪತಿಗೆ ಆಗಲೇ ಗೊತ್ತಿತ್ತು, ಮುಂದೆ ಎಷ್ಟೋ ಸಲ ಬಲೆ ಇತ್ತು, ಇದ್ದೇ ಇತ್ತು ಎಂದು ತನಗೆ ತಾನೇ ವಾದಿಸಿ ನೋಡುವವನಾದರೂ. ಹೌದು ಎಂದರೆ ಅವಳು ಏನು ಮಾಡುತ್ತಿದ್ದಳು? ಮೊಹರು ಅವಳ ಬಲಗೈಯಲ್ಲಿ ಆಗಲೇ ಇತ್ತು, ಶಾಯಿಯ ಮೇಲೆ ಒತ್ತಿಯೂ ಆಗಿತ್ತು. ಹೌದು ಎಂದಿದ್ದರೂ ಒತ್ತುತ್ತಿದ್ದಳೋ ಏನೋ. ಒಂದು ಮಾತು, ಮೂವತ್ತಾರು ವರ್ಷ ಸೀಮೆಸುಣ್ಣದ ಧೂಳು ಕುಡಿದವರಿಗಾಗಿ ಒಂದೇ ಮಾತು.

"ಅಲ್ಲ," ಎಂದ.

ಅವಳು ತಲೆ ಬಗ್ಗಿಸಿದಳು. ಮೊಹರು ಒತ್ತಿದಳು, ಎರಡು ಕಡೆ. ಪುಸ್ತಕವನ್ನು ಹಿಂದಕ್ಕೆ ಕೊಟ್ಟಳು. ಅಫಿಡವಿಟ್ ಮಾತ್ರ ಒಂದು ಕಡತದೊಳಗೆ ಸೇರಿತು. "ಮೋಳೇ, ಚೆನ್ನಾಗಿ ಓದಬೇಕು ಮಗಳೇ," ಎಂದಳು ಮಹತಿಗೆ. ಅವನ ಮುಖವನ್ನು ಮತ್ತೆ ನೋಡಲಿಲ್ಲ.

ಹೊರಗೆ ಬಂದಾಗ ರುದ್ರಪ್ಪ ಗೇಟಿನ ಹತ್ತಿರ ಮಗನೊಂದಿಗೆ ಇನ್ನೂ ನಿಂತಿದ್ದ. ಶ್ರೀಪತಿ ಬೇರೆ ಗೇಟು ಹುಡುಕಿದ. ಮೆಡಿಕಲ್ ಕಾಲೇಜನ್ನು ಒಮ್ಮೆ ನೋಡಿ ಹೋಗೋಣ ಎಂದು ಬೆಳಿಗ್ಗೆ ಮಗಳಿಗೆ ಮಾತು ಕೊಟ್ಟಿದ್ದರಿಂದ ಉಳ್ಳೂರಿನ ಬಸ್ಸು ಹತ್ತಿದರು. ಜಂಕ್ಷನ್ನಿನಲ್ಲಿ ಇಳಿದು ಎಸ್ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದ. "ಆಯ್ತು," ಎಂದ. ಆ ಕಡೆ ಹರಿಣಾಕ್ಷಿ ಅಳುತ್ತಿದ್ದಳು. "ಎಂತಾದ್ರೂ ಕೇಳಿದ್ರಾ?" ಎಂದು ಮೂಗೊರೆಸುತ್ತ ಕೇಳಿದಳು. "ಎಂತದೂ ಕೇಳ್ಲಿಲ್ಲ," ಎಂದ. ಅಪ್ಪನ ಪಾಠದ ಟಿಪ್ಪಣಿಗಳನ್ನು ಗೆದ್ದಲು ತಿಂದಿತು, ಅವರ ಶಾಲೆ ಮುಚ್ಚಿಹೋಯಿತು, ತಡವಾಗಿ ಬಂದ ಆ ಕಾಗದಗಳನ್ನು ಊರಿನ ಮನೆ ಮಾರುವಾಗ ಅವನೇ ಒಲೆಗೆ ಹಾಕಿದ್ದ. ಇನ್ನು ಕೃಷ್ಣಾನಂದ ಎಂಬವರ ಬಗ್ಗೆ ಈ ಲೋಕದಲ್ಲಿ ಭದ್ರವಾಗಿ ಉಳಿಯುವ ಕಾಗದ ಒಂದೇ, ಆ ಅಫಿಡವಿಟ್. ಸರಕಾರದವರು ಕಡತವನ್ನು ಸುಲಭಕ್ಕೆ ಎಸೆಯುವುದಿಲ್ಲ.

ಬಿಳಿ ಕೋಟನ್ನು ತೋಳಿಗೆ ಹಾಕಿಕೊಂಡ ಹುಡುಗಿಯರು ನಗುತ್ತ ರಸ್ತೆ ದಾಟಿದರು. ಇನ್ನೆರಡು ತಿಂಗಳಿಗೆ ಮಹತಿಯೂ ಅವರೊಳಗೆ ಒಬ್ಬಳು. ಅವಳು ಅವರನ್ನು ನೋಡುತ್ತಿರಲಿಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ತಂದೆಯ ಪಕ್ಕದಲ್ಲಿ ಕುಳಿತು, ತನ್ನ ಬಲಗೈಯನ್ನು ಮುಷ್ಟಿ ಮಾಡಿ, ಬಿಚ್ಚಿ, ಮತ್ತೆ ಮುಷ್ಟಿ ಮಾಡುತ್ತಿದ್ದಳು. ಆಮೇಲೆ ಕೇಳಿದಳು. ಕನ್ನಡದಲ್ಲಿ ಕೇಳಿದಳು, ಬಳಸದೆ ಇಟ್ಟ ಪಾತ್ರೆಯನ್ನು ಎತ್ತುವ ಹಾಗೆ, ಒಂದೊಂದು ಮಾತನ್ನೂ ಹಿಡಿದು ನೋಡುತ್ತ.

"ಅಪ್ಪಾ. ನಂಗೆ ಅಕ್ಷರ ಬರೆಸಿದ್ದು ಅಜ್ಜ ಅಲ್ವಾ?"

ಹೌದು ಎನ್ನಲು ಏನು ಕಷ್ಟ? ಕೌಂಟರ್ ಮುಚ್ಚಿತ್ತು, ಮೊಹರು ಬಿದ್ದಾಗಿತ್ತು, ಕೇಳಿದವಳು ಹೆತ್ತ ಮಗಳು. ಶ್ರೀಪತಿ ಬಾಯಿ ತೆರೆದ. ತೆರೆಯುವ ಮೊದಲು ತಿರುಗಿ ಹಿಂದೆ ನೋಡಿದ, ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು. ಮಹತಿ ಅದನ್ನು ನೋಡಿದಳು. ಉತ್ತರಕ್ಕೆ ಕಾಯದೆ ಎದ್ದು, ಅವನ ತೊಡೆಯ ಮೇಲಿದ್ದ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡಳು.

"ಬಸ್ ವನ್ನು," ಎಂದಳು, ಬಸ್ಸು ಬಂತು ಎಂದು, ಮಲಯಾಳದಲ್ಲಿ.